3.9 ಗಿಗಾಹರ್ಟ್ಸ್‌ಗೆ ಹೊಸ ಕೂಲರ್ ಬೇಕಿತ್ತಾ?

ನನ್ನ ರೆಕಾರ್ಡಿಂಗ್‌ಗಳಲ್ಲಿ ದನಿಯ ಹಿಂದೆ ಒಂದು ಸುಂಯ್ ಸದ್ದು ಇರುತ್ತಿತ್ತು. ಒಂದೇ ಸಮ ಇದ್ದಿದ್ದರೆ ಸಾಫ್ಟ್‌ವೇರ್‌ನಲ್ಲಿ ತೆಗೆದುಬಿಡಬಹುದಿತ್ತು. ಇದು ಏರುತ್ತಿತ್ತು, ಇಳಿಯುತ್ತಿತ್ತು, ಸುಮ್ಮನಾಯಿತು ಅನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ನಾನು ಗಣಿತ ಹೇಳಿಕೊಡುವವಳು. ಹೈಸ್ಕೂಲ್ ಮಕ್ಕಳಿಗೆ ವಿಡಿಯೋ ಪಾಠ ಮಾಡುತ್ತೇನೆ. ಒಂದು ಪಾಠ ಎನ್‌ಕೋಡ್ ಆಗುತ್ತಿರುವಾಗಲೇ (ವಿಡಿಯೋ ಕುಗ್ಗಿ ಚಿಕ್ಕ ಫೈಲ್ ಆಗುತ್ತಿರುವಾಗಲೇ) ಮುಂದಿನ ಪಾಠದ ದನಿ ರೆಕಾರ್ಡ್ ಮಾಡುವುದು ನನ್ನ ಅಭ್ಯಾಸ. ರಾತ್ರಿ ನನಗೆ ಅಂತ ಸಿಗುವುದೇ ಎರಡು ಗಂಟೆ. ಹಾಗಾಗಿ ಪ್ರೊಸೆಸರ್ ಏದುಸಿರು ಬಿಡುವ ಹೊತ್ತಿಗೇ ಮೈಕ್ ಕೂಡ ಆನ್ ಆಗಿರುತ್ತದೆ.

ಮಷಿನ್ ಹಳೆಯದು. ಎಎಂಡಿ ರೈಜೆನ್ 5 2600. 2018ರಲ್ಲಿ ಬಂದ ಚಿಪ್, ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಬೇಸ್ ಅಂದರೆ ಮೂಲ ವೇಗ 3.4 ಗಿಗಾಹರ್ಟ್ಸ್, ಬೂಸ್ಟ್ ಅಂದರೆ ತಾನಾಗಿ ಏರುವ ಗರಿಷ್ಠ ವೇಗ 3.9. ಬಿ450 ಚಿಪ್‌ಸೆಟ್‌ನ ಸಾಧಾರಣ ಮದರ್‌ಬೋರ್ಡ್. ಪ್ರೊಸೆಸರ್ ಡಬ್ಬದ ಜೊತೆಗೇ ಬಂದ ವ್ರೈತ್ ಸ್ಟೆಲ್ತ್ ಕೂಲರ್, ಅಂದರೆ ಚಿಪ್ ತಣ್ಣಗಿಡುವ ಲೋಹದ ರೆಕ್ಕೆಗಳು ಮತ್ತು ಫ್ಯಾನ್. ಆ ಸುಂಯ್ ಇದರದೇ. ಕೆಲಸಕ್ಕೆ ಯಾವ ಕೊರತೆಯೂ ಇರಲಿಲ್ಲ. ಹುರಿದುಂಬಿಸಿದ್ದು ನನ್ನ ತಮ್ಮ.

"ಅಕ್ಕಾ, ಅದು ಅನ್‌ಲಾಕ್ಡ್ ಚಿಪ್. ಇಷ್ಟು ವರ್ಷ ಸುಮ್ನೆ ಬಿಟ್ಟಿದೀಯಲ್ಲ!"

"ಓಡ್ತಾ ಇದೆಯಲ್ಲೋ. ಇನ್ನೇನು ಮಾಡ್ಬೇಕು ಅದಕ್ಕೆ?"

"ಓವರ್‌ಕ್ಲಾಕ್ ಮಾಡು. ಆದ್ರೆ ಮೊದಲು ದೊಡ್ಡ ಕೂಲರ್ ಹಾಕ್ಸು, ಇಲ್ದಿದ್ರೆ ಸುಟ್ಟೋಗುತ್ತೆ."

ಈ "ಇಲ್ದಿದ್ರೆ ಸುಟ್ಟೋಗುತ್ತೆ" ಅನ್ನುವ ಮಾತು ನನಗೆ ಸರಿಹೋಗಲಿಲ್ಲ. ಅನ್‌ಲಾಕ್ಡ್ ಅಂದರೆ ವೇಗವನ್ನು ನಾವೇ ಬದಲಿಸಲು ಬಿಡುವ ಚಿಪ್, ಓವರ್‌ಕ್ಲಾಕ್ ಅಂದರೆ ಕಾರ್ಖಾನೆ ಕಟ್ಟಿಕೊಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಅದನ್ನು ಓಡಿಸುವುದು. ಎಷ್ಟು ಓವರ್‌ಕ್ಲಾಕ್? ಎಷ್ಟು ಬಿಸಿ? ಲೆಕ್ಕ ಇಲ್ಲದೆ ನಾನು ಯಾವುದನ್ನೂ ಒಪ್ಪುವವಳಲ್ಲ. ಹಾಗಾಗಿ ಮೊದಲು ಕೂಲರ್ ಬದಲಿಸದೆ ಅಳೆದೆ, ಆಮೇಲೆ ಬದಲಿಸಿ ಅಳೆದೆ. ಕೊಂಡ ಕೂಲರ್‌ನ ವಿಮರ್ಶೆಯೂ ಇದೇ, ಓವರ್‌ಕ್ಲಾಕಿಂಗ್‌ನ ವಿಮರ್ಶೆಯೂ ಇದೇ.

ಮೊದಲು ಗುರಿ ಎಷ್ಟು ಅನ್ನುವುದು. ಈ ಚಿಪ್‌ಗೆ ಕಾರ್ಖಾನೆಯವರು ಬರೆದಿರುವ 3.9 ಗಿಗಾಹರ್ಟ್ಸ್ ಎಲ್ಲ ಕೋರ್‌ಗಳಿಗೂ ಸಿಗುವುದಲ್ಲ. ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ ಸಿಗುತ್ತದೆ. ಆರೂ ಕೋರ್‌ಗಳು ದುಡಿಯುವಾಗ ನನ್ನ ಮಷಿನ್‌ನಲ್ಲಿ ಕಾಣುತ್ತಿದ್ದದ್ದು 3.65. ಹಾಗಾದರೆ ಒಂದು ಕೋರ್‌ಗೆ ಕೊಟ್ಟ ವೇಗವನ್ನೇ ಆರಕ್ಕೂ ಕೊಡೋಣ, ಅದಕ್ಕಿಂತ ಮೇಲೆ ಹೋಗುವುದು ಬೇಡ ಅಂದುಕೊಂಡೆ. ಕೈಯಿಂದ ಎಲ್ಲ ಕೋರ್‌ಗೂ ಒಂದೇ ವೇಗ ಕಟ್ಟಿದರೆ ಈ ಚಿಪ್‌ನಲ್ಲಿ ತಾನಾಗಿ ಬರುವ ಬೂಸ್ಟ್ ನಿಂತುಹೋಗುತ್ತದೆ. 3.8ಕ್ಕೆ ಕಟ್ಟಿದ್ದರೆ ಒಂದು ಕೋರ್‌ನ ಕೆಲಸದಲ್ಲಿ ಇದ್ದದ್ದನ್ನೂ ಕಳೆದುಕೊಳ್ಳುತ್ತಿದ್ದೆ. 3.9 ಅಂದರೆ ಅಲ್ಲಿ ನಷ್ಟ ಇಲ್ಲ, ಇಲ್ಲಿ ಲಾಭ.

ರೈಜೆನ್ ಚಿಪ್‌ಗಳ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ತೆರೆದೇ ಇರುತ್ತದೆ. ಬೋರ್ಡ್ ಮಾತ್ರ ಬಿಡಬೇಕು. ಬಿ450, ಎಕ್ಸ್470 ಬಿಡುತ್ತವೆ, ಎ320 ಬಿಡುವುದಿಲ್ಲ. ಇಂಟೆಲ್ ಕಡೆಯವರು ಹೆಸರಿನ ಕೊನೆಯಲ್ಲಿ ಕೆ ಅಕ್ಷರ ಇದೆಯಾ ನೋಡಿಕೊಳ್ಳಿ, ಜೊತೆಗೆ ಝಡ್ ಸರಣಿಯ ಚಿಪ್‌ಸೆಟ್ ಇದೆಯಾ ಅಂತಲೂ. ಇನ್ನೊಂದು ವಿಷಯ: ಓವರ್‌ಕ್ಲಾಕ್‌ನಿಂದ ಚಿಪ್ ಹಾಳಾದರೆ ಅದು ಎಎಂಡಿಯ ವಾರಂಟಿಗೆ ಸೇರುವುದಿಲ್ಲ. ನನ್ನದು ಹೇಗೂ ವಾರಂಟಿ ಮುಗಿದ ಚಿಪ್.

ಹಳೆ ಕೂಲರ್‌ನಲ್ಲೇ ಶುರು ಮಾಡಿದೆ. ಕೋಣೆಯ ಉಷ್ಣಾಂಶ 27 ಡಿಗ್ರಿ, ಟೇಬಲ್ ಮೇಲೆ ಥರ್ಮಾಮೀಟರ್, ಸೀಲಿಂಗ್ ಫ್ಯಾನ್ ಆಫ್. ಪ್ರೊಸೆಸರ್‌ನ ವೇಗಕ್ಕೆ ಅಂಕ ಕೊಡುವ ಸಿನೆಬೆಂಚ್ ಆರ್20 ಅನ್ನು ಅರ್ಧ ಗಂಟೆ ಬಿಡದೆ ಓಡಿಸುವುದು, ಚಿಪ್‌ನ ಬಿಸಿ ತೋರಿಸುವ ಹೆಚ್‌ಡಬ್ಲ್ಯುಇನ್ಫೋದಲ್ಲಿ ಕೊನೆಯ ಹತ್ತು ನಿಮಿಷದ ಬಿಸಿ ಬರೆದುಕೊಳ್ಳುವುದು. ಏನೂ ಮುಟ್ಟದೆ ಇದ್ದಾಗ 74 ಡಿಗ್ರಿ, ಅಂಕ 2790. ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ ವಾಟ್ ಮೀಟರ್‌ನಲ್ಲಿ ಇಡೀ ಮಷಿನ್ 126 ವಾಟ್ ಎಳೆಯುತ್ತಿತ್ತು.

ಆಮೇಲೆ ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಮಲ್ಟಿಪ್ಲೈಯರ್ 39 ಮಾಡಿದೆ, ಅಂದರೆ 3.9 ಗಿಗಾಹರ್ಟ್ಸ್. ವೋಲ್ಟೇಜ್ 1.25ರಿಂದ ಶುರು ಮಾಡಿದೆ. ಚಿಪ್‌ಗೆ ಪೂರ್ತಿ ಹೊರೆ ಹೊರಿಸುವ ಪ್ರೈಮ್95 ಪರೀಕ್ಷೆ ಒಂದು ಗಂಟೆ ಓಡಿತು, ಯಾವ ತಕರಾರೂ ಇಲ್ಲ. ಖುಷಿಯಾಗಿ ಒಂದು ಪಾಠವನ್ನು ಎನ್‌ಕೋಡ್ ಮಾಡಲು ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ಗೆ ಕೊಟ್ಟೆ. ನಲವತ್ತನೇ ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗಿ ಮಷಿನ್ ತಾನಾಗಿ ರೀಸ್ಟಾರ್ಟ್ ಆಯಿತು. ಪರೀಕ್ಷೆಯಲ್ಲಿ ಪಾಸಾದ ಹುಡುಗ ಬೋರ್ಡ್ ಮುಂದೆ ನಿಲ್ಲಿಸಿದರೆ ತಡವರಿಸುವುದನ್ನು ದಿನಾ ನೋಡುತ್ತೇನೆ, ಆದರೂ ಇದು ಹೊಳೆದಿರಲಿಲ್ಲ. ಸ್ಟ್ರೆಸ್ ಟೆಸ್ಟ್ ದಾಟಿದ ಮಾತ್ರಕ್ಕೆ ಮುಗಿಯಲಿಲ್ಲ. ನೀವು ದಿನಾ ಮಾಡುವ ಕೆಲಸವನ್ನೇ ಪೂರ್ತಿ ಮಾಡಿಸಿ ನೋಡಬೇಕು. 1.2625ಕ್ಕೆ ಏರಿಸಿದೆ, ಎರಡನೇ ದಿನ ಮತ್ತೆ ಬಿತ್ತು. 1.275ಕ್ಕೆ ನಿಂತಿತು. ಅಲ್ಲಿಂದ ಇವತ್ತಿನವರೆಗೆ ಒಮ್ಮೆಯೂ ಬಿದ್ದಿಲ್ಲ.

ಹಳೆ ಕೂಲರ್‌ನಲ್ಲಿ ಈ 3.9ರ ಬಿಸಿ 84 ಡಿಗ್ರಿ. ಈ ಚಿಪ್‌ನ ಗರಿಷ್ಠ ಮಿತಿ 95. ಅಂದರೆ ಸುಡಲಿಲ್ಲ. ಸುಡುವುದರ ಹತ್ತಿರಕ್ಕೂ ಹೋಗಲಿಲ್ಲ. ಮಿತಿ ಮುಟ್ಟಿದರೂ ಚಿಪ್ ಮೊದಲು ಮಾಡುವುದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಈಗಿನ ಪ್ರೊಸೆಸರ್‌ಗಳು ಬಿಸಿಯಿಂದ ಹೊಗೆ ಎಬ್ಬಿಸುವುದಿಲ್ಲ, ನಿಧಾನ ಆಗುತ್ತವೆ. ತಮ್ಮನಿಗೆ ಫೋನ್ ಮಾಡಿ ಹೇಳಿದೆ. "84 ಜಾಸ್ತಿ ಆಯ್ತಲ್ವಾ?" ಅಂದ. ಜಾಸ್ತಿಯೇ. ಕೋಣೆ 27ರ ಬದಲು 35 ಇದ್ದಿದ್ದರೆ ಅದು 92ರ ಹತ್ತಿರ ಹೋಗುತ್ತಿತ್ತು. ಕೂಲರ್ ಯಾವುದೇ ಇರಲಿ, ಕೋಣೆಯ ಬಿಸಿ ಎಷ್ಟು ಏರುತ್ತದೋ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಕ್ಷಮಿಸಿ, ಚಾಳಿ. ಚಿಪ್ ಹೊರಹಾಕುವ ಬಿಸಿಯ ದೊಡ್ಡ ಪಾಲು ಎರಡರ ಮೇಲೆ ನಿಂತಿದೆ: ವೇಗ ಮತ್ತು ವೋಲ್ಟೇಜ್. ವೇಗ ಎಷ್ಟು ಪಟ್ಟು ಏರುತ್ತದೋ ಬಿಸಿ ಅಷ್ಟೇ ಪಟ್ಟು. ಆದರೆ ವೋಲ್ಟೇಜ್‌ಗೆ ವರ್ಗ ಬರುತ್ತದೆ. ನನ್ನ ಚಿಪ್ ಮುಟ್ಟದೆ ಇದ್ದಾಗ 3.65 ಗಿಗಾಹರ್ಟ್ಸ್‌ನಲ್ಲಿ 1.2 ವೋಲ್ಟ್ ಸುತ್ತಮುತ್ತ ಇರುತ್ತಿತ್ತು. 3.9ನ್ನು 3.65ರಿಂದ ಭಾಗಿಸಿದರೆ 1.068. 1.275ನ್ನು 1.2ರಿಂದ ಭಾಗಿಸಿ ವರ್ಗ ಮಾಡಿದರೆ 1.129. ಎರಡನ್ನೂ ಗುಣಿಸಿ, 1.2 ಬರುತ್ತದೆ. ಶೇಕಡಾ 7ರಷ್ಟು ವೇಗಕ್ಕೆ ಶೇಕಡಾ 20ರಷ್ಟು ಬಿಸಿ. ಕೋಣೆಗಿಂತ ಚಿಪ್ ಎಷ್ಟು ಬಿಸಿ ಇತ್ತು? 74ರಲ್ಲಿ 27 ಕಳೆದರೆ 47. ಅದರ 1.2 ಪಟ್ಟು 56. ಅದಕ್ಕೆ 27 ಕೂಡಿಸಿದರೆ 83. ಅಳೆದಾಗ ಬಂದದ್ದು 84. ಈ ಲೆಕ್ಕ ತಾಳೆಯಾದಾಗ ಆದ ಸಂತೋಷ, ನಿಜ ಹೇಳಬೇಕೆಂದರೆ, ಓವರ್‌ಕ್ಲಾಕ್‌ನಿಂದ ಆದದ್ದಕ್ಕಿಂತ ದೊಡ್ಡದು.

ಅಷ್ಟಾಗಿ ಸಿಕ್ಕಿದ್ದೇನು? ಸಿನೆಬೆಂಚ್ 2790ರಿಂದ 2985ಕ್ಕೆ ಹೋಯಿತು. ಎಕ್ಸ್265 ಎನ್‌ಕೋಡರ್‌ನಲ್ಲಿ ಒಂದು ಗಂಟೆ ಹಿಡಿಯುತ್ತಿದ್ದ ಪಾಠ 56 ನಿಮಿಷಕ್ಕೆ ಮುಗಿಯಿತು. ಪಾಠಕ್ಕೆ ನಾಲ್ಕು ನಿಮಿಷ. ವಾರಕ್ಕೆ ಐದು ಪಾಠ ಅಂದರೆ ಇಪ್ಪತ್ತು ನಿಮಿಷ. ತಮ್ಮ ಬಂದಾಗ ಆಡುವ ಗೇಮ್‌ನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಅಲ್ಲಿ ಗ್ರಾಫಿಕ್ಸ್ ಕಾರ್ಡೇ ಮೊದಲು ಸುಸ್ತಾಗುತ್ತದೆ, ಪ್ರೊಸೆಸರ್ ಕಾಯುತ್ತಾ ಕೂತಿರುತ್ತದೆ.

ಸದ್ದಿನ ವಿಷಯ ಮಾತ್ರ ಕೆಟ್ಟಿತು. ಮೊದಲೇ ಸುಂಯ್ ಅನ್ನುತ್ತಿದ್ದದ್ದು ಈಗ ಹೇರ್ ಡ್ರೈಯರ್ ಪಕ್ಕದ ಕೋಣೆಯಲ್ಲಿ ಓಡುತ್ತಿದೆಯೇನೋ ಅನ್ನುವ ಹಾಗಾಯಿತು. ಸ್ಟೆಲ್ತ್ ಚಿಕ್ಕ ಕೂಲರ್. ತಾಮ್ರ ಇಲ್ಲ, ಪೂರ್ತಿ ಅಲ್ಯೂಮಿನಿಯಂ, ಮೇಲೊಂದು ಸಣ್ಣ ಫ್ಯಾನ್. 65 ವಾಟ್ ಚಿಪ್‌ಗೆ ಅಂತ ಮಾಡಿದ್ದು, ಅದನ್ನು ಮಾಡುತ್ತದೆ. ಆ 65ರ ಮಾತೂ ಅಷ್ಟು ಸರಳ ಅಲ್ಲ. ಎಎಂ4 ಸಾಕೆಟ್‌ನಲ್ಲಿ (ಬೋರ್ಡ್ ಮೇಲೆ ಈ ಚಿಪ್ ಕೂರುವ ಜಾಗ) 65 ವಾಟ್ ಚಿಪ್‌ಗಳಿಗೆ ಸಾಕೆಟ್‌ನಿಂದ 88 ವಾಟ್‌ವರೆಗೆ ಎಳೆದುಕೊಳ್ಳಲು ಅನುಮತಿ ಇರುತ್ತದೆ. ಕೈಯಿಂದ ಓವರ್‌ಕ್ಲಾಕ್ ಮಾಡಿದ ಮೇಲೆ ಆ ಮಿತಿಯೂ ಇರುವುದಿಲ್ಲ. ಅಷ್ಟನ್ನು ಹೊತ್ತುಹಾಕಲು ಚಿಕ್ಕ ಕೂಲರ್‌ಗೆ ಇರುವ ದಾರಿ ಒಂದೇ, ಫ್ಯಾನ್ ಇನ್ನೂ ಜೋರಾಗಿ ತಿರುಗಿಸುವುದು.

ಹಾಗಾಗಿ ಕೂಲರ್ ಕೊಂಡೆ. ಚಿಪ್ ಕೇಳಲಿಲ್ಲ, ಮೈಕ್ ಕೇಳಿತು.

ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಬಂದ ಡಬ್ಬದಲ್ಲಿ ಒಂದು ತಕರಾರಿತ್ತು, ಒಂದು ಪೀಸ್ ನೋಡಿ ಕಂಪನಿಗೆ ಹೆಸರು ಕೆಡಿಸುವುದು ಸರಿಯಲ್ಲ. ಈ ವರ್ಗದ ಕೂಲರ್‌ಗಳು ಎಲ್ಲ ಕಂಪನಿಯವರದೂ ಹೆಚ್ಚುಕಡಿಮೆ ಒಂದೇ ತರ: ಒಂದೇ ಗೋಪುರ, ನಾಲ್ಕು ತಾಮ್ರದ ಹೀಟ್‌ಪೈಪ್, 120 ಮಿಲಿಮೀಟರ್ ಫ್ಯಾನ್. ಎತ್ತರ 155 ಮಿಲಿಮೀಟರ್. ನನ್ನ ಕ್ಯಾಬಿನೆಟ್‌ನಲ್ಲಿ 160ರವರೆಗೆ ಜಾಗ ಇದೆ. ಇದನ್ನು ಕೊಳ್ಳುವ ಮೊದಲೇ ಅಳೆಯಿರಿ. ಮದರ್‌ಬೋರ್ಡ್ ಮೇಲಿಂದ ಪಕ್ಕದ ಬಾಗಿಲಿನ ಒಳಮೈವರೆಗೆ ಸ್ಕೇಲ್ ಹಿಡಿದರೆ ಅಂದಾಜು ಸಿಗುತ್ತದೆ. ಬಾಗಿಲು ಮುಚ್ಚದ ಕ್ಯಾಬಿನೆಟ್ ಇಟ್ಟುಕೊಂಡು ಓಡಾಡುವವರನ್ನು ನೋಡಿದ್ದೇನೆ.

ಡಬ್ಬದ ಮೇಲೆ ಇಷ್ಟು ವಾಟ್ ತಡೆಯುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನಂಬಿ ಎರಡು ಕಂಪನಿಗಳ ಕೂಲರ್ ಹೋಲಿಸಬೇಡಿ. ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ, ಅವರವರ ಲೆಕ್ಕ ಅವರವರದು. ಹೀಟ್‌ಪೈಪ್ ಎಷ್ಟು, ರೆಕ್ಕೆಗಳ ಗಾತ್ರ ಎಷ್ಟು, ಫ್ಯಾನ್ ಎಷ್ಟು ದೊಡ್ಡದು, ಇವನ್ನು ನೋಡಿ. ಹೀಟ್‌ಪೈಪ್ ಅಂದರೆ ಬರೀ ತಾಮ್ರದ ಸರಳು ಅಂದುಕೊಂಡಿದ್ದೆ. ಅದು ಟೊಳ್ಳು. ಒಳಗೆ ಗಾಳಿ ತೆಗೆದು ಒಂದಿಷ್ಟೇ ಇಷ್ಟು ನೀರು ಹಾಕಿ ಮುಚ್ಚಿರುತ್ತಾರೆ. ಚಿಪ್ ಕಡೆಯ ತುದಿಯಲ್ಲಿ ನೀರು ಆವಿಯಾಗಿ ಮೇಲಕ್ಕೆ ಹೋಗುತ್ತದೆ, ರೆಕ್ಕೆಗಳ ಹತ್ತಿರ ತಣ್ಣಗಾಗಿ ಮತ್ತೆ ನೀರಾಗಿ ಒಳಗೋಡೆಯ ಬತ್ತಿಯಂಥ ಪದರದಲ್ಲಿ ವಾಪಸ್ ಬರುತ್ತದೆ. ಪಂಪ್ ಇಲ್ಲ, ಮೋಟರ್ ಇಲ್ಲ, ಸದ್ದಿಲ್ಲ. ನನಗೆ ಇಷ್ಟವಾದ ಭಾಗ ಇದೇ.

ಇನ್ನು ಜೋಡಿಸಿದ ಕತೆ. ಇದನ್ನು ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರಯೋಗದಲ್ಲಿ ಚಿಪ್‌ಗೆ ಅಪಾಯ ಬಂದದ್ದು ಇಲ್ಲಿ ಮಾತ್ರ.

ಹಳೆ ಸ್ಟೆಲ್ತ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಅವು ಬೋರ್ಡ್ ಹಿಂದಿರುವ ಲೋಹದ ಬ್ಯಾಕ್‌ಪ್ಲೇಟ್‌ಗೆ ನೇರ ಕಚ್ಚಿಕೊಂಡಿರುತ್ತವೆ. ನಾಲ್ಕೂ ಬಿಚ್ಚಿದಾಗ ಹಿಂದೆ ಟಣ್ ಅಂತ ಸದ್ದು. ಬ್ಯಾಕ್‌ಪ್ಲೇಟ್ ಬಿದ್ದುಹೋಗಿತ್ತು. ಸ್ಕ್ರೂ ಬಿಟ್ಟರೆ ಅದನ್ನು ಹಿಡಿದಿರುವವರು ಯಾರೂ ಇಲ್ಲ. ಕ್ಯಾಬಿನೆಟ್ ಮಲಗಿಸಿಕೊಂಡು, ಹಿಂದೆ ಒಂದು ಕೈ ಕೊಟ್ಟು ಬಿಚ್ಚಬೇಕಿತ್ತು. ಇರಲಿ ಅಂತ ಕೂಲರ್ ಹಿಡಿದು ಮೇಲಕ್ಕೆ ಎತ್ತಿದೆ. ಬರಲಿಲ್ಲ. ಇನ್ನೂ ಸ್ವಲ್ಪ ಎತ್ತಿದೆ. ಪಟಕ್ ಅಂತ ಬಂತು.

ಸಾಕೆಟ್ ನೋಡಿದರೆ ಖಾಲಿ. ಲಾಕ್ ಮಾಡುವ ಸಣ್ಣ ಕಡ್ಡಿ ಹಾಗೇ ಮಲಗಿದೆ, ಲಾಕ್ ಆಗಿಯೇ ಇದೆ. ಕೂಲರ್ ತಿರುಗಿಸಿದೆ. ಪ್ರೊಸೆಸರ್ ಅದರ ತಳಕ್ಕೆ ಅಂಟಿಕೊಂಡು, ಪಿನ್‌ಗಳನ್ನೆಲ್ಲ ನನ್ನ ಮುಖಕ್ಕೆ ತೋರಿಸುತ್ತಾ ಕೂತಿದೆ. ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಒಣಗಿ ಗೋಂದಿನ ಹಾಗಾಗಿತ್ತು. ಯಾರ ತಪ್ಪೂ ಅಲ್ಲ, ನನ್ನ ಆತುರ. ಬಿಚ್ಚುವ ಮೊದಲು ಹತ್ತು ನಿಮಿಷ ಮಷಿನ್‌ಗೆ ಜೋರು ಕೆಲಸ ಕೊಟ್ಟಿದ್ದರೆ ಪೇಸ್ಟ್ ಮೆತ್ತಗಾಗುತ್ತಿತ್ತು. ಆಫ್ ಮಾಡಿ, ಕೂಲರನ್ನು ಎತ್ತುವ ಬದಲು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿದ್ದರೆ ಜಾರಿಕೊಂಡು ಬರುತ್ತಿತ್ತು. ಎಲ್ಲ ಗೊತ್ತಿತ್ತು. ಮಾಡಲಿಲ್ಲ.

ಎಎಂ4 ಪ್ರೊಸೆಸರ್‌ಗೆ 1331 ಪಿನ್. ಹನ್ನೊಂದರ ಘನ. ಮೊದಲು ಓದಿದಾಗ ಮುದ್ದು ಬಂದಿತ್ತು ಈ ಸಂಖ್ಯೆಯ ಮೇಲೆ. ಆ ಸಂಜೆ ದೀಪದ ಕೆಳಗೆ ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ನೋಡುವಾಗ ಅಷ್ಟು ಮುದ್ದು ಬರಲಿಲ್ಲ. ಸಾಲುಗಳನ್ನು ಓರೆಯಾಗಿ ನೋಡಿದರೆ ವಾಲಿದ ಪಿನ್ ತಾನಾಗಿ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಎರಡು ವಾಲಿದ್ದವು. ಲೆಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯನ್ನು ಪಿನ್ ಮೇಲೆ ಟೋಪಿಯ ಹಾಗೆ ಕೂರಿಸಿ, ಉಸಿರು ಹಿಡಿದು ನೆಟ್ಟಗೆ ಮಾಡಿದೆ. ಮೊದಲನೆಯದು ಸುಲಭಕ್ಕೆ ಬಂತು. ಎರಡನೆಯದಕ್ಕೆ ಮೂರು ಸಲ ಬೇಕಾಯಿತು. ಆಮೇಲೆ ಸಾಕೆಟ್‌ನ ಕಡ್ಡಿ ಎತ್ತಿ, ಮೂಲೆಯ ಚಿನ್ನದ ತ್ರಿಕೋನ ಹೊಂದಿಸಿ ಬಿಟ್ಟಾಗ ಚಿಪ್ ತನ್ನ ಭಾರಕ್ಕೇ ಕೆಳಗಿಳಿದು ಕೂತಿತು. ಹಾಗೆ ಕೂರಬೇಕು. ಒತ್ತಬೇಕು ಅನ್ನಿಸಿದರೆ ಎಲ್ಲೋ ಪಿನ್ ಇನ್ನೂ ವಾಲಿದೆ ಅಂತ ಅರ್ಥ.

ಹಳೆ ಪೇಸ್ಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಹೊಸದು ಬಟಾಣಿ ಕಾಳಿನಷ್ಟು, ನಡುವೆ. ಅಷ್ಟರಲ್ಲಿ ತಮ್ಮನ ಫೋನ್. "ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತೆಯಾ ಅಕ್ಕಾ?" ಕಿತ್ತಿದ್ದೆ. ಐದು ನಿಮಿಷಕ್ಕೆ ಮತ್ತೆ ಮೆಸೇಜ್, "ಹಾಳೆ?" ಇವನು ಹಿಂದೆ ಒಮ್ಮೆ ಕೀಳದೆ ಕೂರಿಸಿದ್ದಾನೆ ಅಂತ ನನ್ನ ಗುಮಾನಿ.

ಹೊಸ ಕೂಲರ್‌ನ ತಕರಾರು ಏನೆಂದರೆ, ಒಂದು ಸ್ಕ್ರೂವಿನ ಮರೆಗಳು ಸವೆದಿದ್ದವು. ಕಚ್ಚಿಕೊಂಡ ಹಾಗೆ ಮಾಡಿ ಜಾರುತ್ತಿತ್ತು. ಬ್ರಾಕೆಟ್‌ನ ಒಂದು ಬದಿ ಬಿಗಿ, ಇನ್ನೊಂದು ಸಡಿಲ. ಕಂಪನಿಗೆ ಬರೆದೆ, ಫೋಟೋ ಕಳಿಸಿದೆ. ಹನ್ನೊಂದು ದಿನಕ್ಕೆ ಬೇರೆ ಸ್ಕ್ರೂ ಬಂತು, ಪೂರ್ತಿ ಸೆಟ್ಟೇ ಕಳಿಸಿದ್ದರು. ತಡ ಆದರೂ ಮಾಡಿದರು. ಕೈಪಿಡಿಯಲ್ಲಿ ಮಾತ್ರ ಒಂದೇ ಒಂದು ಪದ ಇಲ್ಲ, ಎಲ್ಲ ಚಿತ್ರ. ಇಂಟೆಲ್‌ಗೂ ಎಎಂಡಿಗೂ ಬೇರೆ ಬೇರೆ ಸ್ಕ್ರೂ, ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಹೊಸಬರಿಗೆ ಇದು ಕಷ್ಟ. ಫ್ಯಾನ್ ಹಿಡಿದಿಡುವ ತಂತಿ ಕ್ಲಿಪ್‌ಗಳು ಬೆರಳು ಕೆಂಪು ಮಾಡುತ್ತವೆ. ಫ್ಯಾನ್ ಮೊದಲ ರ‍್ಯಾಮ್ ಸ್ಲಾಟ್‌ನ ಮೇಲೆ ಸ್ವಲ್ಪ ಚಾಚಿಕೊಳ್ಳುತ್ತದೆ. ನನ್ನ ರ‍್ಯಾಮ್ ಗಿಡ್ಡ, ತೊಂದರೆಯಾಗಲಿಲ್ಲ. ಮೇಲೆ ಕಿರೀಟ, ದೀಪ ಇರುವ ರ‍್ಯಾಮ್ ಹಾಕಿದವರು ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಆಗ ಬಾಗಿಲ ಲೆಕ್ಕ ಮತ್ತೆ ಹಾಕಬೇಕು.

ಸ್ಕ್ರೂ ಬಂದು ಸರಿಯಾಗಿ ಕೂರಿಸಿದ ಮೇಲೆ ಮತ್ತೆ ಅದೇ 27 ಡಿಗ್ರಿ ಕೋಣೆ, ಅದೇ ಅರ್ಧ ಗಂಟೆ. ಏನೂ ಓವರ್‌ಕ್ಲಾಕ್ ಮಾಡದೆ 58. ಮೊದಲು 74 ಇದ್ದದ್ದು. ಇಲ್ಲೊಂದು ತಮಾಷೆ ನಡೆಯಿತು. ನಾನು ಏನೂ ಮುಟ್ಟದಿದ್ದರೂ ಎಲ್ಲ ಕೋರ್‌ಗಳ ವೇಗ 3.65ರಿಂದ 3.7ಕ್ಕೆ ತಾನಾಗಿ ಏರಿತು. ಈ ಸರಣಿಯ ಚಿಪ್‌ಗಳಲ್ಲಿರುವ ಪ್ರಿಸಿಷನ್ ಬೂಸ್ಟ್ 2, ಬಿಸಿ ಕಡಿಮೆ ಇದ್ದರೆ 25 ಮೆಗಾಹರ್ಟ್ಸ್‌ನ ಸಣ್ಣ ಮೆಟ್ಟಿಲುಗಳಲ್ಲಿ ಹತ್ತುತ್ತದೆ. ಎರಡು ಮೆಟ್ಟಿಲು ಪುಕ್ಕಟೆ. ಅಂದರೆ ಒಳ್ಳೆ ಕೂಲರ್ ಹಾಕಿದ ಮೇಲೆ ಓವರ್‌ಕ್ಲಾಕ್‌ನ ಲಾಭ ಇನ್ನೂ ಚಿಕ್ಕದಾಯಿತು. ಕೂಲರ್ ಮಾರುವವರು ಇದನ್ನು ಹೇಳುವುದಿಲ್ಲ.

3.9ಕ್ಕೆ ಏರಿಸಿದಾಗ 65 ಡಿಗ್ರಿ. ಹಳೆಯದರಲ್ಲಿ 84. ಗೋಡೆಯ ಮೀಟರ್ 145 ವಾಟ್. ಹತ್ತೊಂಬತ್ತು ಡಿಗ್ರಿ ಕೈಯಲ್ಲಿ ಉಳಿಯಿತು ಅಂದಮೇಲೆ ಮನುಷ್ಯರಿಗೆ ಏನಾಗುತ್ತದೆ? ಆಸೆ ಆಗುತ್ತದೆ. 4.1ಕ್ಕೆ ಹೋದೆ. 1.35 ವೋಲ್ಟ್‌ಗೆ ವಿಂಡೋಸ್ ಕೂಡ ಏಳಲಿಲ್ಲ. 1.4ಕ್ಕೆ ನಿಂತಿತು. ಮತ್ತೆ ಅದೇ ಲೆಕ್ಕ: ವೇಗ 1.12 ಪಟ್ಟು, ವೋಲ್ಟೇಜ್‌ನ ವರ್ಗ 1.36 ಪಟ್ಟು, ಬಿಸಿ ಒಂದೂವರೆ ಪಟ್ಟು. ಅಳತೆಯಲ್ಲಿ 77 ಡಿಗ್ರಿ, ಗೋಡೆಯಲ್ಲಿ 176 ವಾಟ್, ಸಿನೆಬೆಂಚ್ 3125. ಅಂದರೆ 3.9ರಿಂದ 4.1ಕ್ಕೆ ಶೇಕಡಾ 5 ವೇಗ ಸಿಗಲು 31 ವಾಟ್ ಜಾಸ್ತಿ. ಮೊದಲ ಶೇಕಡಾ 7ಕ್ಕೆ 19 ವಾಟ್ ಸಾಕಾಗಿತ್ತು. ಇಲ್ಲಿ ಮಾತ್ರ ತಮ್ಮನ ಮಾತು ನಿಜ. 4.1ನ್ನು ಹಳೆ ಸ್ಟೆಲ್ತ್ ಮೇಲೆ ಕನಸಿನಲ್ಲೂ ಓಡಿಸಲು ಆಗುವುದಿಲ್ಲ. 47ರ ಒಂದೂವರೆ ಪಟ್ಟಿಗೆ 27 ಕೂಡಿಸಿ ನೋಡಿ, 97 ದಾಟುತ್ತದೆ. ಮಿತಿಯೇ 95.

ಒಂದು ವಾರ 4.1ರಲ್ಲಿ ಇಟ್ಟೆ. ಒಂದು ಪಾಠಕ್ಕೆ ಇನ್ನೂ ಮೂರು ನಿಮಿಷ ಉಳಿಯಿತು. ಫ್ಯಾನ್ ಸದ್ದು ವಾಪಸ್ ಬಂತು. 3.9ಕ್ಕೆ ಇಳಿಸಿದೆ.

ಯಾರೂ ನನಗೆ ಹೇಳದೆ ಇದ್ದ ಸಂಗತಿ ಇನ್ನೊಂದಿದೆ. ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಅನ್ನುವ ಭಾಗ ಸಾಕೆಟ್ ಪಕ್ಕದಲ್ಲೇ ಇರುತ್ತದೆ. ನನ್ನ ಬೋರ್ಡ್‌ನಲ್ಲಿ ಅದರ ಮೇಲೆ ಸಣ್ಣ ಹೀಟ್‌ಸಿಂಕ್ ಕೂಡ ಇಲ್ಲ, ಬೆತ್ತಲೆ. ಹಳೆ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತಿತ್ತು. ಆ ಗಾಳಿ ಬೋರ್ಡ್‌ಗೆ ಬಡಿದು ಸುತ್ತ ಹರಡಿ, ವಿಆರ್‌ಎಂ ಅನ್ನೂ ತಣ್ಣಗಿಡುತ್ತಿತ್ತು. ಗೋಪುರದ ಕೂಲರ್ ಗಾಳಿಯನ್ನು ಅಡ್ಡ ಊದುತ್ತದೆ, ಬೋರ್ಡ್ ಮೇಲೆ ಬೀಳುವುದಿಲ್ಲ. ಫಲ ಏನೆಂದರೆ, ಚಿಪ್ 19 ಡಿಗ್ರಿ ತಣ್ಣಗಾದ ಅದೇ ಪರೀಕ್ಷೆಯಲ್ಲಿ ವಿಆರ್‌ಎಂ 79ರಿಂದ 91ಕ್ಕೆ ಏರಿತು. ಅದರ ಬಿಡಿಭಾಗಗಳು ಚಿಪ್‌ಗಿಂತ ಹೆಚ್ಚು ಬಿಸಿ ತಡೆಯುತ್ತವೆ ನಿಜ, ಆದರೂ ನನಗೆ ಇರುಸುಮುರುಸಾಯಿತು. ಕ್ಯಾಬಿನೆಟ್ ಹಿಂಬದಿಗೆ ಇದ್ದ ಫ್ಯಾನ್ ಹೊರತೆಗೆದು ನೋಡಿದರೆ ಅದನ್ನು ತಿರುವುಮುರುವು ಹಾಕಿದ್ದರು, ಬಿಸಿಗಾಳಿ ಹೊರಹೋಗುವ ಬದಲು ಹೊರಗಾಳಿ ಒಳಬರುತ್ತಿತ್ತು. ಕೂಲರ್‌ನ ಗಾಳಿ, ಈ ಗಾಳಿ, ಎರಡೂ ಎದುರುಬದುರು. ಅದನ್ನು ಸರಿಮಾಡಿ, ಮೇಲೆ ಇನ್ನೊಂದು ಫ್ಯಾನ್ ಹಾಕಿದಾಗ ವಿಆರ್‌ಎಂ 82ಕ್ಕೆ ಬಂತು, ಚಿಪ್ ಕೂಡ ಒಂದು ಡಿಗ್ರಿ ಇಳಿದು 64. ಯಾರಾದರೂ ಅಗ್ಗದ ಬೋರ್ಡ್ ಮೇಲೆ ದೊಡ್ಡ ಕೂಲರ್ ಹಾಕುವುದಿದ್ದರೆ ಮೊದಲು ಕ್ಯಾಬಿನೆಟ್ ಫ್ಯಾನ್‌ಗಳು ಯಾವ ಕಡೆ ಊದುತ್ತಿವೆ ನೋಡಿ. ಒಂದು ಟಿಶ್ಯೂ ಪೇಪರ್ ಹಿಡಿದರೆ ಸಾಕು, ಗೊತ್ತಾಗುತ್ತದೆ.

ನೀರಿನ ಕೂಲರ್ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳಿದವರಿದ್ದಾರೆ. ಆರು ಕೋರ್‌ನ ಚಿಪ್‌ಗೆ, ಅದೂ ಇಷ್ಟು ಚಿಕ್ಕ ಓವರ್‌ಕ್ಲಾಕ್‌ಗೆ, ಅದು ಬೇಡ. ಪಂಪ್ ಸದಾ ಓಡುತ್ತಿರುತ್ತದೆ, ಮೈಕ್ ಅದನ್ನೂ ಹಿಡಿಯುತ್ತದೆ. ಹಾಗೇ, ಹೊಸ ಮಷಿನ್ ಇರುವವರಿಗೆ ಈ ಬರಹದ ಅರ್ಧ ಅನ್ವಯಿಸುವುದಿಲ್ಲ. 2022ರಲ್ಲಿ ಬಂದ ರೈಜೆನ್ 7000 ಸರಣಿಯಲ್ಲಿ ಹೆಸರಿನ ಕೊನೆಗೆ ಎಕ್ಸ್ ಅಕ್ಷರ ಇರುವ ಚಿಪ್‌ಗಳು ಜೋರು ಕೆಲಸದಲ್ಲಿ 95 ಡಿಗ್ರಿ ಮುಟ್ಟುವ ಹಾಗೇ ಮಾಡಿದವು. ಸಿಕ್ಕ ಜಾಗವನ್ನೆಲ್ಲ ವೇಗಕ್ಕೆ ಬಳಸಿಬಿಡುತ್ತವೆ. ಅಲ್ಲಿ ನಮಗೆ ಹಿಂಡಲು ಉಳಿದಿರುವುದು ಕಡಿಮೆ. ವೋಲ್ಟೇಜ್ ತಗ್ಗಿಸುವುದೇ ಅಲ್ಲಿ ಜಾಣತನ.

ಕೊನೆಗೆ ಸದ್ದು. ಇದಕ್ಕೆ ಫೋನ್ ಆ್ಯಪ್ ನಂಬಲಿಲ್ಲ. ಮೈಕನ್ನು ದಿನಾ ಇಡುವ ಜಾಗದಲ್ಲೇ ಇಟ್ಟು, ಮಾತಾಡದೆ ಒಂದು ನಿಮಿಷ ರೆಕಾರ್ಡ್ ಮಾಡಿ ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರ್‌ನಲ್ಲಿ ನೋಡಿದೆ. ಅಲ್ಲಿ ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸದ್ದು ಕಡಿಮೆ. ಮಷಿನ್ ಆಫ್ ಇದ್ದಾಗ ಕೋಣೆಯ ಮೌನ ಮೈನಸ್ 60 ಡೆಸಿಬೆಲ್. ಹಳೆ ಕೂಲರ್, 3.9, ಎನ್‌ಕೋಡ್ ಆಗುತ್ತಿರುವಾಗ ಮೈನಸ್ 45. ಹೊಸ ಕೂಲರ್, ಅದೇ ಕೆಲಸ, ಮೈನಸ್ 53. ಇದಕ್ಕಿಂತ ಮುಖ್ಯ, ಏರಿಳಿತ ನಿಂತದ್ದು. ಅದರ ಶ್ರೇಯಸ್ಸು ಪೂರ್ತಿ ಕೂಲರ್‌ಗೆ ಕೊಡಲಾರೆ. ಬಯೋಸ್‌ನಲ್ಲಿ ಫ್ಯಾನ್ ಗೆರೆಯನ್ನು (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವ ಗ್ರಾಫ್) 68 ಡಿಗ್ರಿವರೆಗೆ ಚಪ್ಪಟೆ ಮಾಡಿದೆ, ಬಿಸಿ ಏರಿದ ತಕ್ಷಣ ಓಡದೆ ಕೆಲವು ಸೆಕೆಂಡ್ ಕಾಯುವ ಹಾಗೆ ಹೇಳಿದೆ. ರೈಜೆನ್ ಚಿಪ್ ಒಂದು ಫೈಲ್ ತೆರೆದರೂ ಒಂದು ಕ್ಷಣ ಹತ್ತು ಡಿಗ್ರಿ ಜಿಗಿಯುತ್ತದೆ, ಹಳೆ ಫ್ಯಾನ್ ಆ ಪ್ರತಿ ಜಿಗಿತಕ್ಕೂ ಓಡೋಡಿ ಹೋಗುತ್ತಿತ್ತು. ಗೆರೆ ಚಪ್ಪಟೆ ಮಾಡಿದ ಮೇಲೆ ಮೈನಸ್ 56. ಇದೇ ಉಪಾಯವನ್ನು ಹಳೆ ಕೂಲರ್‌ಗೂ ಮಾಡಬಹುದಿತ್ತು ಅಂತ ಆಮೇಲೆ ಹೊಳೆಯಿತು. ಓವರ್‌ಕ್ಲಾಕ್ ಇಲ್ಲದೆ ಇದ್ದಿದ್ದರೆ ಅಷ್ಟರಲ್ಲೇ ಕೆಲಸ ಮುಗಿಯುತ್ತಿತ್ತೇನೋ. ತಮ್ಮನಿಗೆ ಇದನ್ನು ಹೇಳಿಲ್ಲ.

ಕೂಲರ್‌ಗೆ ಐದರಲ್ಲಿ ನಾಲ್ಕು. ಕಳೆದ ಒಂದು, ಸ್ಕ್ರೂವಿಗೂ ಆ ಮೂಕ ಕೈಪಿಡಿಗೂ ಸೇರಿ. ಓವರ್‌ಕ್ಲಾಕ್‌ಗೆ ಐದರಲ್ಲಿ ಎರಡೂವರೆ.

ಮೊನ್ನೆ ರಾತ್ರಿ ತ್ರಿಕೋನಮಿತಿಯ ಪಾಠ ರೆಕಾರ್ಡ್ ಮಾಡಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸುಂಯ್ ಇಲ್ಲ. ಅದರ ಜಾಗದಲ್ಲಿ ಟಿಕ್, ಟಿಕ್, ಟಿಕ್. ಇಷ್ಟು ದಿನ ಫ್ಯಾನ್ ಸದ್ದಿನಲ್ಲಿ ಮುಚ್ಚಿಹೋಗಿದ್ದ ಗೋಡೆ ಗಡಿಯಾರ. ಎದ್ದು ಅದನ್ನು ಕಳಚಿ ಹಾಲ್‌ಗೆ ಕೊಂಡೊಯ್ದೆ, ಸೈನ್ 30ರಿಂದ ಮತ್ತೆ ಶುರು ಮಾಡಿದೆ.